ಆಡ್-ಆನ್ ಅಪ್‌ಡೇಟ್: ಪ್ರತಿ ಸಲವೂ ಪೂರ್ಣ ಇನ್‌ಸ್ಟಾಲರ್ ಕೊಡಬೇಕೆ, ಪ್ಯಾಚ್ ಸಾಕೆ?

ಪ್ರಶ್ನೆ: ನಾವು ಮೂವರು ಸೇರಿ ಧ್ವನಿಮುದ್ರಣ ತಂತ್ರಾಂಶವೊಂದಕ್ಕೆ ವಾದ್ಯಗಳ ಆಡ್-ಆನ್ ತಯಾರಿಸಿ ಮಾರುತ್ತಿದ್ದೇವೆ. ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಇದೆ. ಇನ್‌ಸ್ಟಾಲರ್‌ನ ಗಾತ್ರ ಸುಮಾರು 1.4 ಜಿಬಿ. ಅದರಲ್ಲಿ 1.3 ಜಿಬಿಯಷ್ಟು ವಾದ್ಯಗಳ ಧ್ವನಿ ಮಾದರಿಗಳು ಒಂದೇ ದೊಡ್ಡ ಫೈಲಿನಲ್ಲಿವೆ. ಪ್ರೋಗ್ರಾಂ ಭಾಗ 60 ಎಂಬಿ ಮಾತ್ರ. ಮೂರು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತೇವೆ, ಪ್ರತಿ ಸಲವೂ ಎಲ್ಲವನ್ನೂ ಇಳಿಸಿಕೊಳ್ಳಬೇಕೆಂಬುದು ಬಳಕೆದಾರರ ದೂರು. ಹಳೆಯ ಮತ್ತು ಹೊಸ ಇನ್‌ಸ್ಟಾಲರ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಪ್ಯಾಚ್ ಆಗಿ ತೆಗೆಯಲು ಬಿಎಸ್‌ಡಿಫ್ ಎಂಬ ಸಾಧನವನ್ನು ಓಡಿಸಿ ನೋಡಿದೆವು. 32 ಜಿಬಿ ಮೆಮೊರಿಯ ಯಂತ್ರವೂ ತಿಣುಕಿತು, ಹುಟ್ಟಿದ ಪ್ಯಾಚ್ ಹೆಚ್ಚುಕಡಿಮೆ ಇನ್‌ಸ್ಟಾಲರ್‌ನಷ್ಟೇ ದೊಡ್ಡದಾಗಿತ್ತು. ಬಳಿಕ ಸ್ಥಾಪನೆಯಾದ ಫೈಲುಗಳಿಗೇ ಒಂದು ಪ್ಯಾಚ್ ಮಾಡಿ ಪ್ರಾಯೋಗಿಕವಾಗಿ ಕೊಟ್ಟಾಗ ಕೆಲವರಲ್ಲಿ ಅದು ವಿಫಲವಾಯಿತು. ನಡುವಿನ ಆವೃತ್ತಿಗಳನ್ನು ಹಾಕಿಕೊಳ್ಳದೆ ಬಿಟ್ಟವರೂ ಬಹಳ ಮಂದಿ ಇದ್ದಾರೆ. ಪೂರ್ಣ ಇನ್‌ಸ್ಟಾಲರನ್ನು ಕೈಬಿಟ್ಟು ಪ್ಯಾಚ್‌ಗೆ ಹೋಗಬಹುದೆ? ಹೋದರೆ ಹಳೆಯ ಪ್ಯಾಚ್‌ಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು?

ಉತ್ತರ: ಪೂರ್ಣ ಇನ್‌ಸ್ಟಾಲರನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಪ್ಯಾಚ್ ಎಂಬುದು ಪೂರ್ಣ ಇನ್‌ಸ್ಟಾಲರ್‌ನ ಬದಲಿಯಲ್ಲ. ಪೂರ್ಣ ಇನ್‌ಸ್ಟಾಲರ್ ಓಡಿಸಿದಾಗ ಬಳಕೆದಾರರ ಯಂತ್ರ ಯಾವ ಸ್ಥಿತಿಗೆ ಬರುತ್ತದೆಯೋ ಅದೇ ಸ್ಥಿತಿಗೆ ಕಡಿಮೆ ಡೌನ್‌ಲೋಡ್‌ನಲ್ಲಿ ತಲುಪಿಸುವ ಅಡ್ಡದಾರಿ ಅದು. ಅಡ್ಡದಾರಿ ಮುಚ್ಚಿದ್ದರೆ ಹಿಡಿಯಲು ಮುಖ್ಯ ರಸ್ತೆ ಇರಲೇಬೇಕು. ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ನೀವು ಕೊಟ್ಟಿರುವ ಗಾತ್ರಗಳನ್ನು ನೋಡಿದರೆ ನಿಮಗೆ ಬೈನರಿ ಪ್ಯಾಚ್‌ನ (ಫೈಲುಗಳ ಬೈಟ್‌ಗಳ ವ್ಯತ್ಯಾಸವನ್ನಷ್ಟೇ ಹೊತ್ತ ಪ್ಯಾಚ್) ಅಗತ್ಯವೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಅಪರೂಪಕ್ಕೆ ಬದಲಾಗುವ 1.3 ಜಿಬಿಯನ್ನೂ ಪ್ರತಿ ಸಲ ಬದಲಾಗುವ 60 ಎಂಬಿಯನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿರುವುದೇ ನಿಮ್ಮ ಬಳಕೆದಾರರ ತೊಂದರೆಯ ಮೂಲ. ಹಾಗಾಗಿ ಪ್ಯಾಚ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಮೊದಲು ನೋಡಿ, ಆಮೇಲೆ ಪೊಟ್ಟಣವನ್ನು ಬಿಡಿಸುವ ವಿಷಯಕ್ಕೆ ಬರುತ್ತೇನೆ.

ಎರಡು ಇನ್‌ಸ್ಟಾಲರ್‌ಗಳ ನಡುವೆ ತೆಗೆದ ಪ್ಯಾಚ್ ಅಷ್ಟು ದೊಡ್ಡದಾಗಿದ್ದು ಬಿಎಸ್‌ಡಿಫ್‌ನ ದೋಷವಲ್ಲ. ಇನ್‌ಸ್ಟಾಲರ್ ಎಂಬುದು ಸಂಕುಚಿತ, ಅಂದರೆ ಗಾತ್ರ ಕಡಿಮೆಯಾಗುವಂತೆ ಒತ್ತಿದ, ದತ್ತಾಂಶದ ಮೂಟೆ. ಸಂಕುಚನದಲ್ಲಿ ಮುಂದೆ ಬರುವ ಪ್ರತಿಯೊಂದು ಭಾಗವೂ ಹಿಂದೆ ಬಂದದ್ದರ ಆಧಾರದ ಮೇಲೆ ಬರೆಯಲ್ಪಡುತ್ತದೆ. ಆದ್ದರಿಂದ ಮೂಲದಲ್ಲಿ ಒಂದು ಬೈಟ್ ಬದಲಾದರೂ ಅಲ್ಲಿಂದಾಚೆಗಿನ ಸಂಕುಚಿತ ರೂಪ ಬಹುಮಟ್ಟಿಗೆ ಬೇರೆಯೇ ಆಗಿಬಿಡಬಹುದು. ಎಲ್ಲ ಫೈಲುಗಳನ್ನೂ ಒಂದೇ ಹರಿವಾಗಿ ಸೇರಿಸಿ ಒತ್ತುವ ಸಾಲಿಡ್ ಸಂಕುಚನವನ್ನು ನೀವು ಆರಿಸಿಕೊಂಡಿದ್ದರೆ ಮೊದಲ ಫೈಲಿನಲ್ಲಾದ ಬದಲಾವಣೆಯ ಪರಿಣಾಮ ಕೊನೆಯ ಫೈಲಿನವರೆಗೂ ಹರಡಿದರೆ ಆಶ್ಚರ್ಯವಿಲ್ಲ. ವ್ಯತ್ಯಾಸ ಹುಡುಕುವ ಸಾಧನಕ್ಕೆ ಆಗ ಎರಡು ಅಪರಿಚಿತ ಫೈಲುಗಳು ಕಾಣುತ್ತವೆಯೇ ಹೊರತು ಒಂದೇ ಫೈಲಿನ ಎರಡು ಆವೃತ್ತಿಗಳಲ್ಲ. ಗೂಗಲ್ ಪ್ಲೇ ಇದೇ ತೊಡಕನ್ನು ಎದುರಿಸಿ 2016ರ ಡಿಸೆಂಬರ್‌ನಲ್ಲಿ ಬೇರೆ ಕ್ರಮವನ್ನು ಪ್ರಕಟಿಸಿತು: ಆ್ಯಪ್‌ನೊಳಗಿನ ಫೈಲುಗಳನ್ನು ಮೊದಲು ಬಿಚ್ಚಿ, ಬಿಚ್ಚಿದ ರೂಪದಲ್ಲಿ ವ್ಯತ್ಯಾಸ ಲೆಕ್ಕಹಾಕಿ, ಫೋನಿನಲ್ಲಿ ಪ್ಯಾಚ್ ಹಾಕಿದ ಮೇಲೆ ಮತ್ತೆ ಅದೇ ರೀತಿ ಒತ್ತುವುದು. ಹೀಗೆ ಮಾಡಿದ ಪ್ಯಾಚ್‌ಗಳು ಪೂರ್ಣ ಆ್ಯಪ್‌ಗಿಂತ ಸರಾಸರಿ 65 ಪ್ರತಿಶತ ಚಿಕ್ಕವಾಗಿದ್ದವೆಂದು ಅವರು ತಿಳಿಸಿದರು. ಜೊತೆಗೆ ಈ ಕ್ರಮವನ್ನು ಸ್ವಯಂಚಾಲಿತ ಅಪ್‌ಡೇಟ್‌ಗಳಿಗೆ ಮಾತ್ರ ಸೀಮಿತಗೊಳಿಸಿದರು, ಏಕೆಂದರೆ ಮತ್ತೆ ಒತ್ತುವ ಕೆಲಸಕ್ಕೆ ಪ್ರೊಸೆಸರ್‌ನ ಸಮಯ ಬೇಕು, ಅಪ್‌ಡೇಟ್‌ಗಾಗಿ ಕಾದು ಕುಳಿತವರಿಗೆ ಅದು ನಿಧಾನವೆನಿಸುತ್ತದೆ. ಡೌನ್‌ಲೋಡ್‌ನಲ್ಲಿ ಉಳಿಸಿದ್ದನ್ನು ಬಳಕೆದಾರರ ಯಂತ್ರದ ಶ್ರಮದಲ್ಲಿ ತೆರಬೇಕಾಗುತ್ತದೆ ಎಂಬುದನ್ನು ಇಲ್ಲಿಂದಲೇ ಗಮನದಲ್ಲಿಡಿ.

ಸಂಕುಚನವನ್ನು ಬಿಚ್ಚಿದರೂ ಪ್ರೋಗ್ರಾಂ ಫೈಲುಗಳಲ್ಲಿ ಇನ್ನೊಂದು ತೊಡಕು ಉಳಿಯುತ್ತದೆ. ಮೂಲ ಸಂಕೇತದಲ್ಲಿ ಒಂದು ಸಾಲು ಸೇರಿಸಿ ಕಂಪೈಲ್ ಮಾಡಿದರೆ, ಅಂದರೆ ಯಂತ್ರ ಸೂಚನೆಗಳಾಗಿ ಪರಿವರ್ತಿಸಿದರೆ, ಅದರ ನಂತರ ಬರುವ ಎಲ್ಲ ಭಾಗಗಳ ವಿಳಾಸಗಳೂ ಕೆಲವು ಬೈಟ್‌ಗಳಷ್ಟು ಸರಿಯುತ್ತವೆ, ಆ ವಿಳಾಸಗಳನ್ನು ಉಲ್ಲೇಖಿಸುವ ಸೂಚನೆಗಳು ಫೈಲಿನುದ್ದಕ್ಕೂ ಚೂರುಚೂರಾಗಿ ಬದಲಾಗುತ್ತವೆ. ಕಾಲಿನ್ ಪರ್ಸಿವಲ್ ಅವರು 2003ರಲ್ಲಿ ಹೊರತಂದ ಬಿಎಸ್‌ಡಿಫ್ ಇದನ್ನು ಜಾಣತನದಿಂದ ನಿಭಾಯಿಸುತ್ತದೆ. ಪೂರ್ತಿ ಹೊಂದದಿದ್ದರೂ ಬಹುಪಾಲು ಹೊಂದುವ ತುಣುಕುಗಳನ್ನು ಅದು ಜೋಡಿಯಾಗಿ ಗುರುತಿಸಿ, ಅವುಗಳ ಬೈಟ್‌ವಾರು ವ್ಯತ್ಯಾಸವನ್ನು ದಾಖಲಿಸುತ್ತದೆ. ಆ ವ್ಯತ್ಯಾಸದಲ್ಲಿ ಸೊನ್ನೆಗಳೇ ತುಂಬಿರುವುದರಿಂದ ಅದು ಚೆನ್ನಾಗಿ ಸಂಕುಚಿತವಾಗುತ್ತದೆ. ಗೂಗಲ್ ಕ್ರೋಮ್‌ನ ತಂಡ 2009ರಲ್ಲಿ ಕೂರ್ಜೆಟ್ ಎಂಬ ಸಾಧನದ ಮೂಲಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಂತ್ರ ಸೂಚನೆಗಳನ್ನೇ ಬಿಡಿಸಿ ವಿಳಾಸಗಳಿಗೆ ಸಂಕೇತನಾಮಗಳನ್ನು ಕೊಟ್ಟು ಆಮೇಲೆ ವ್ಯತ್ಯಾಸ ತೆಗೆಯಿತು. ಅವರು ಆಗ ಕೊಟ್ಟ ಉದಾಹರಣೆಯಲ್ಲಿ ಪೂರ್ಣ ಅಪ್‌ಡೇಟ್ 1,03,85,920 ಬೈಟ್, ಬಿಎಸ್‌ಡಿಫ್ ಪ್ಯಾಚ್ 7,04,512 ಬೈಟ್, ಕೂರ್ಜೆಟ್ ಪ್ಯಾಚ್ ಕೇವಲ 78,848 ಬೈಟ್. ಇಂಥ ಅಂಕಿಗಳನ್ನು ಕಂಡೇ ಅನೇಕರು ಪ್ಯಾಚ್‌ನತ್ತ ಆಕರ್ಷಿತರಾಗುತ್ತಾರೆ. ಆದರೆ ಅಪಾರ ಸಂಖ್ಯೆಯ ಯಂತ್ರಗಳಿಗೆ ಪದೇಪದೇ ಅಪ್‌ಡೇಟ್ ಕಳಿಸುವ, ಅದಕ್ಕೆಂದೇ ಎಂಜಿನಿಯರ್‌ಗಳನ್ನು ಇಟ್ಟುಕೊಂಡಿರುವ ಸಂಸ್ಥೆಯ ಲೆಕ್ಕ ಅದು. ಮೂವರ ತಂಡ ಅದೇ ಲೆಕ್ಕವನ್ನು ತನ್ನ ಮೇಲೆ ಹೇರಿಕೊಳ್ಳುವುದು ಸರಿಯಲ್ಲ.

ನಿಮ್ಮ ಯಂತ್ರ ತಿಣುಕಿದ್ದಕ್ಕೂ ಕಾರಣ ಇಲ್ಲೇ ಇದೆ. ಬಿಎಸ್‌ಡಿಫ್ ಪ್ಯಾಚ್ ತಯಾರಿಸಲು ಹಳೆಯ ಫೈಲಿನ ಗಾತ್ರದ ಸುಮಾರು 17 ಪಟ್ಟು ಮೆಮೊರಿ ಬೇಡುತ್ತದೆ; 1.4 ಜಿಬಿಗೆ ಅದು ಹತ್ತಿರಹತ್ತಿರ 24 ಜಿಬಿ. ಅದು ನಿಮ್ಮ ಯಂತ್ರದ ಚಿಂತೆ, ಮೆಮೊರಿ ಹೆಚ್ಚಿಸಿ ಸುಧಾರಿಸಿಕೊಳ್ಳಬಹುದು. ಪ್ಯಾಚ್ ಹಚ್ಚುವ ಕಡೆಯೂ ಹಳೆಯ ಫೈಲು ಮತ್ತು ಹೊಸ ಫೈಲು ಎರಡೂ ಮೆಮೊರಿಯಲ್ಲಿ ಇರಬೇಕಾಗುತ್ತದೆ ಎಂಬುದು ಹೆಚ್ಚು ಗಂಭೀರವಾದದ್ದು. ನಿಮ್ಮ ಧ್ವನಿ ಮಾದರಿಗಳ ಫೈಲಿಗೆ ಹೀಗೆ ಪ್ಯಾಚ್ ಹಚ್ಚಬೇಕಾದರೆ ಬಳಕೆದಾರರ ಯಂತ್ರದಲ್ಲಿ 2.6 ಜಿಬಿ ಮೆಮೊರಿ ಖಾಲಿ ಇರಬೇಕು, ಅದೂ ಧ್ವನಿಮುದ್ರಣ ತಂತ್ರಾಂಶವನ್ನು ತೆರೆದಿಟ್ಟುಕೊಂಡೇ ಅಪ್‌ಡೇಟ್ ಒತ್ತುವ ಜನರ ಯಂತ್ರದಲ್ಲಿ. ಝಡ್‌ಸ್ಟ್ಯಾಂಡರ್ಡ್ ಎಂಬ ಸಂಕುಚನ ಸಾಧನದ 1.4.5 ಆವೃತ್ತಿಯಿಂದ ಈಚೆಗೆ ಹಳೆಯ ಫೈಲನ್ನು ಆಧಾರವಾಗಿಟ್ಟುಕೊಂಡು ಹೊಸದನ್ನು ಒತ್ತುವ ಸೌಲಭ್ಯವಿದೆ. ದೊಡ್ಡ ಫೈಲುಗಳಿಗೆ ಅದು ಬಿಎಸ್‌ಡಿಫ್‌ಗಿಂತ ಬಹಳ ವೇಗವಾದದ್ದು, ಬಹುತೇಕ ಆಡ್-ಆನ್‌ಗಳಿಗೆ ಧಾರಾಳವಾಗಿ ಸಾಕು.

ಈಗ ಕೆಲವರ ಯಂತ್ರದಲ್ಲಿ ಪ್ಯಾಚ್ ಕೆಟ್ಟದ್ದರ ವಿಷಯ. ಪೂರ್ಣ ಇನ್‌ಸ್ಟಾಲರ್‌ಗೂ ಪ್ಯಾಚ್‌ಗೂ ಇರುವ ಮೂಲಭೂತ ವ್ಯತ್ಯಾಸ ಗಾತ್ರದ್ದಲ್ಲ, ನಂಬಿಕೆಯದ್ದು. ಬಳಕೆದಾರರ ಫೋಲ್ಡರ್‌ನಲ್ಲಿ ಏನಿದೆ ಎಂಬುದನ್ನು ಪೂರ್ಣ ಇನ್‌ಸ್ಟಾಲರ್ ಕೇಳುವುದಿಲ್ಲ. ತಾನು ತಂದದ್ದನ್ನು ಅಲ್ಲಿ ಇಡುತ್ತದೆ. ಪ್ಯಾಚ್ ಮಾತ್ರ ಅಲ್ಲಿ ಇಂಥದ್ದೇ ಫೈಲು, ಇಂಥದ್ದೇ ಬೈಟ್‌ಗಳೊಂದಿಗೆ ಇದೆ ಎಂದು ನಂಬಿಕೊಂಡು ಬರುತ್ತದೆ. ಆ ನಂಬಿಕೆ ಹುಸಿಯಾಗಲು ನೂರು ದಾರಿಗಳಿವೆ. ಆಡ್-ಆನ್‌ನ ಫೋಲ್ಡರ್‌ನಲ್ಲಿ ನೀವು ಇಟ್ಟ ವಾದ್ಯ ವಿನ್ಯಾಸದ ಫೈಲನ್ನು ಬಳಕೆದಾರರು ತಮಗೆ ಬೇಕಾದಂತೆ ತಿದ್ದಿ ಅದೇ ಹೆಸರಿನಲ್ಲಿ ಉಳಿಸಿರಬಹುದು. ಹಳೆಯ ಅಪ್‌ಡೇಟ್ ಅರ್ಧಕ್ಕೆ ನಿಂತು ಕೆಲವು ಫೈಲುಗಳು ಹಿಂದಿನ ಆವೃತ್ತಿಯವೇ ಉಳಿದಿರಬಹುದು. ಬ್ಯಾಕಪ್‌ನಿಂದ ಮರಳಿ ತಂದ ಫೋಲ್ಡರ್ ಇರಬಹುದು. ಆ್ಯಂಟಿವೈರಸ್ ಒಂದು ಡಿಎಲ್‌ಎಲ್ ಫೈಲನ್ನು (ವಿಂಡೋಸ್‌ನಲ್ಲಿ ಆಡ್-ಆನ್‌ನ ಪ್ರೋಗ್ರಾಂ ಭಾಗ ಇರುವ ಫೈಲು) ಪ್ರತ್ಯೇಕಿಸಿ ಇಟ್ಟಿರಬಹುದು. ನೀವೇ ಒಂದು ಆವೃತ್ತಿಯನ್ನು ಬಿಟ್ಟು, ಒಂದೆರಡು ಗಂಟೆಯಲ್ಲಿ ತಪ್ಪು ಕಂಡು, ಆವೃತ್ತಿ ಸಂಖ್ಯೆಯನ್ನು ಬದಲಿಸದೆ ಮತ್ತೊಂದು ಬಿಲ್ಡ್ (ಮೂಲ ಸಂಕೇತದಿಂದ ಕಟ್ಟಿದ ಪ್ರತಿ) ಏರಿಸಿದ್ದರೆ ಒಂದೇ ಸಂಖ್ಯೆಯ ಎರಡು ಬೇರೆ ಫೈಲುಗಳು ಲೋಕದಲ್ಲಿ ಓಡಾಡುತ್ತಿರುತ್ತವೆ. ನಾನು ಕಂಡಂತೆ ಸಣ್ಣ ತಂಡಗಳಲ್ಲಿ ಈ ಕೊನೆಯ ಕಾರಣ ಎಲ್ಲರೂ ಊಹಿಸುವುದಕ್ಕಿಂತ ಹೆಚ್ಚು ಸಾಮಾನ್ಯ, ಮತ್ತು ಪತ್ತೆಹಚ್ಚಲು ಅತ್ಯಂತ ಕಷ್ಟವಾದದ್ದೂ ಅದೇ, ಏಕೆಂದರೆ ಬಳಕೆದಾರರೂ ನೀವೂ ಒಂದೇ ಸಂಖ್ಯೆಯನ್ನು ಹೇಳುತ್ತಾ ಬೇರೆಬೇರೆ ವಸ್ತುಗಳ ಬಗ್ಗೆ ಮಾತನಾಡುತ್ತಿರುತ್ತೀರಿ. ಒಮ್ಮೆ ಹೊರಬಿದ್ದ ಆವೃತ್ತಿ ಸಂಖ್ಯೆಯನ್ನು ಎಂದೂ ಮರುಬಳಸಬೇಡಿ.

ಆದ್ದರಿಂದ ಪ್ಯಾಚ್ ಹಚ್ಚುವ ಪ್ರೋಗ್ರಾಂ ಆವೃತ್ತಿ ಸಂಖ್ಯೆಯನ್ನು ನಂಬಬಾರದು, ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶನ್ನು (ಫೈಲಿನ ಬೈಟ್‌ಗಳಿಂದ ಸಿಗುವ, ಬೆರಳಚ್ಚಿನಂಥ ಸಂಖ್ಯೆ) ಲೆಕ್ಕಹಾಕಿ ಪ್ಯಾಚ್ ನಿರೀಕ್ಷಿಸುವ ಹ್ಯಾಶ್‌ನೊಂದಿಗೆ ಹೋಲಿಸಬೇಕು. ಹೊಂದದಿದ್ದರೆ ಆ ಫೈಲನ್ನು ಮುಟ್ಟದೆ, ಅದರ ಪೂರ್ಣ ಹೊಸ ರೂಪವನ್ನು ಇಳಿಸಿಕೊಳ್ಳಬೇಕು. ಹೊಂದಿದರೆ ಹಳೆಯ ಫೈಲಿನ ಮೇಲೆಯೇ ಬರೆಯದೆ ಅದೇ ಡಿಸ್ಕ್‌ನಲ್ಲಿ ತಾತ್ಕಾಲಿಕ ಫೈಲೊಂದನ್ನು ಕಟ್ಟಿ, ಅದರ ಹ್ಯಾಶ್ ಕೂಡ ಹೊಸ ಆವೃತ್ತಿಯದ್ದೇ ಎಂದು ಖಚಿತಪಡಿಸಿಕೊಂಡ ಮೇಲೆ ಹೆಸರು ಬದಲಿಸಿ ಜಾಗಕ್ಕೆ ತರಬೇಕು. ವಿದ್ಯುತ್ ಹೋದರೆ, ಯಂತ್ರ ಸ್ಥಗಿತಗೊಂಡರೆ ಹಳೆಯದಾದರೂ ಇರಬೇಕು, ಹೊಸದಾದರೂ ಇರಬೇಕು; ಎರಡೂ ಅಲ್ಲದ ಫೈಲು ಉಳಿಯಬಾರದು. ಎಲ್ಲ ಫೈಲುಗಳೂ ತಾತ್ಕಾಲಿಕ ರೂಪದಲ್ಲಿ ಸಿದ್ಧವಾಗಿ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಜಾಗ ಬದಲಿಸುವ ಹಂತಕ್ಕೆ ಹೋಗಬೇಕು, ಇಲ್ಲವಾದರೆ ಅರ್ಧ ಹಳೆಯ ಅರ್ಧ ಹೊಸ ಆಡ್-ಆನ್ ಹುಟ್ಟುತ್ತದೆ. ಇದಕ್ಕೆ ಡಿಸ್ಕ್‌ನಲ್ಲಿ ಹೆಚ್ಚಿನ ಜಾಗ ಬೇಕು ಎಂಬುದು ನಿಜ. ಆರಂಭದಲ್ಲೇ ಅಳೆದು, ಸಾಲದಿದ್ದರೆ ಸ್ಪಷ್ಟವಾಗಿ ಹೇಳಿ ನಿಲ್ಲಿಸಿ.

ಆಡ್-ಆನ್‌ಗಳಿಗೇ ವಿಶೇಷವಾದ ಕಷ್ಟವೊಂದಿದೆ: ಅವು ಆತಿಥೇಯ ತಂತ್ರಾಂಶದ ಹೊಟ್ಟೆಯೊಳಗೆ ಓಡುತ್ತವೆ. ಧ್ವನಿಮುದ್ರಣ ತಂತ್ರಾಂಶ ತೆರೆದಿರುವಾಗ ವಿಂಡೋಸ್ ನಿಮ್ಮ ಡಿಎಲ್‌ಎಲ್ ಫೈಲಿನ ಮೇಲೆ ಬರೆಯಲು ಬಿಡುವುದಿಲ್ಲ. ಆತಿಥೇಯವನ್ನು ಮುಚ್ಚಲು ಕೇಳುವುದೇ ಇದಕ್ಕೆ ಅತ್ಯಂತ ಸರಳವಾದ ಪರಿಹಾರ. ಯಂತ್ರವನ್ನು ಮರುಪ್ರಾರಂಭಿಸಿದಾಗ ಫೈಲು ಬದಲಾಗುವಂತೆ ನೋಂದಾಯಿಸುವ ವ್ಯವಸ್ಥೆ ವಿಂಡೋಸ್‌ನಲ್ಲಿ ಇದೆಯಾದರೂ ಅದನ್ನು ಕೊನೆಯ ಉಪಾಯವಾಗಿಡಿ. ಮ್ಯಾಕ್‌ನಲ್ಲಿ ಬಂಡಲ್‌ನ (ಆಡ್-ಆನ್‌ನ ಫೈಲುಗಳಿರುವ ಫೋಲ್ಡರ್) ಡಿಜಿಟಲ್ ಸಹಿ, ಅಂದರೆ ಅದು ತಯಾರಕರಿಂದಲೇ ಬಂದದ್ದು, ಬದಲಾಗಿಲ್ಲ ಎಂಬ ಗುರುತು, ಅದರೊಳಗಿನ ಸಂಪನ್ಮೂಲ ಫೈಲುಗಳನ್ನೂ ಒಳಗೊಳ್ಳುತ್ತದೆ. ಪ್ಯಾಚ್ ಒಂದು ಫೈಲನ್ನು ಬಿಟ್ಟರೂ, ತೆಗೆದುಹಾಕಬೇಕಾದ ಹಳೆಯ ಫೈಲೊಂದು ಒಳಗೆ ಉಳಿದುಕೊಂಡರೂ ಸಹಿ ಮುರಿದುಬೀಳಬಹುದು. ಹೊಸ ಫೈಲು ಸೇರಿಸುವುದು ಎಲ್ಲರಿಗೂ ನೆನಪಿರುತ್ತದೆ, ಹಳೆಯದನ್ನು ಅಳಿಸುವುದು ಮರೆತುಹೋಗುತ್ತದೆ. ಹಳೆಯ ಫೈಲು ಉಳಿದ ಯಂತ್ರದಲ್ಲಿ ಮಾತ್ರ ಕಾಣುವ ದೋಷವನ್ನು ನಿಮ್ಮ ಶುಭ್ರವಾದ ಪರೀಕ್ಷಾ ಯಂತ್ರದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಇನ್ನು ನಡುವಿನ ಆವೃತ್ತಿಗಳನ್ನು ಬಿಟ್ಟವರ ಪ್ರಶ್ನೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಎಂದು ಸರಪಳಿಯಂತೆ ಪ್ಯಾಚ್ ಕೊಡುವುದು ತಯಾರಕರಿಗೆ ಸುಲಭ, ಬಳಕೆದಾರರಿಗೆ ದುಬಾರಿ. ಹತ್ತು ಆವೃತ್ತಿ ಹಿಂದಿರುವವರು ಹತ್ತು ಪ್ಯಾಚ್‌ಗಳನ್ನು ಒಂದರ ಹಿಂದೆ ಒಂದರಂತೆ ಹಾಕಬೇಕು. ಪ್ರತಿ ಹೆಜ್ಜೆಯೂ 99 ಪ್ರತಿಶತ ಸಲ ಯಶಸ್ವಿಯಾಗುತ್ತದೆ ಎಂದಿಟ್ಟುಕೊಂಡರೂ ಹತ್ತೂ ಹೆಜ್ಜೆ ಯಶಸ್ವಿಯಾಗುವುದು 90 ಪ್ರತಿಶತ ಸಲ ಮಾತ್ರ. ಒಂದೇ ಧ್ವನಿ ಮಾದರಿ ಮೂರು ಸಲ ಬದಲಾಗಿದ್ದರೆ ಕೊನೆಗೆ ಬಿಸಾಡಲಿರುವ ಎರಡು ರೂಪಗಳನ್ನೂ ಅವರು ಇಳಿಸಿಕೊಳ್ಳಬೇಕು. ಇದಕ್ಕೆ ವಿರುದ್ಧವಾಗಿ ಪ್ರತಿ ಹಳೆಯ ಆವೃತ್ತಿಯಿಂದಲೂ ಪ್ರತಿ ಹೊಸದಕ್ಕೆ ನೇರ ಪ್ಯಾಚ್ ಎಂದು ಹೊರಟರೆ 20 ಆವೃತ್ತಿಗಳಿಗೆ 190 ಪ್ಯಾಚ್‌ಗಳಾಗುತ್ತವೆ, ಎರಡು ಕಾರ್ಯವ್ಯವಸ್ಥೆಗಳಿಗೆ ಸೇರಿ 380. ತಯಾರಿಸುವುದನ್ನು ಯಂತ್ರಕ್ಕೆ ಒಪ್ಪಿಸಬಹುದು. ಅಷ್ಟನ್ನೂ ಪರೀಕ್ಷಿಸುವವರು ಯಾರು?

ಆದ್ದರಿಂದಲೇ ಪಳಗಿದ ವ್ಯವಸ್ಥೆಗಳು ನಡುವಿನ ದಾರಿ ಹಿಡಿದಿವೆ. ಫೈರ್‌ಫಾಕ್ಸ್ ಇತ್ತೀಚಿನ ಕೆಲವೇ ಆವೃತ್ತಿಗಳಿಂದ ಹೊಸದಕ್ಕೆ ನೇರ ಭಾಗಶಃ ಅಪ್‌ಡೇಟ್ ಕೊಡುತ್ತದೆ. ಅವುಗಳಿಗಿಂತ ಹಳೆಯದು ಇರುವವರಿಗೂ, ಭಾಗಶಃ ಅಪ್‌ಡೇಟ್ ವಿಫಲವಾದವರಿಗೂ ಪೂರ್ಣ ಅಪ್‌ಡೇಟ್ ಹೋಗುತ್ತದೆ. ಮ್ಯಾಕ್ ತಂತ್ರಾಂಶಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಸ್ಪಾರ್ಕಲ್ ಎಂಬ ಅಪ್‌ಡೇಟ್ ಚೌಕಟ್ಟೂ ಇದೇ ಕ್ರಮದ್ದು: ಡೆಲ್ಟಾ, ಅಂದರೆ ವ್ಯತ್ಯಾಸದ ಪ್ಯಾಚ್, ಹಚ್ಚಲು ಆಗದಿದ್ದರೆ ತಾನಾಗಿ ಪೂರ್ಣ ಪೊಟ್ಟಣಕ್ಕೆ ಮರಳುತ್ತದೆ. ಮೈಕ್ರೋಸಾಫ್ಟ್‌ನ ದಾರಿ ಇನ್ನೂ ಕುತೂಹಲಕರ. ವಿಂಡೋಸ್ 10ಕ್ಕೆ ಒಂದು ಕಾಲದಲ್ಲಿ ಪೂರ್ಣ, ಎಕ್ಸ್‌ಪ್ರೆಸ್, ಡೆಲ್ಟಾ ಎಂದು ಮೂರು ಬಗೆಯ ಮಾಸಿಕ ಅಪ್‌ಡೇಟ್‌ಗಳಿದ್ದವು. ಹಿಂದಿನ ತಿಂಗಳಿನ ಅಪ್‌ಡೇಟ್ ಇದ್ದವರಿಗೆ ಮಾತ್ರ ಹೊಂದುತ್ತಿದ್ದ ಡೆಲ್ಟಾ ಬಗೆಯನ್ನು 2019ರ ಏಪ್ರಿಲ್‌ನ ನಂತರ ಅವರು ನಿಲ್ಲಿಸಿದರು. ವಿಂಡೋಸ್ 10ರ 1809 ಎಂಬ ಆವೃತ್ತಿಯಿಂದ ತಂದ ಹೊಸ ಕ್ರಮದಲ್ಲಿ ಪ್ರತಿ ಘಟಕಕ್ಕೂ ಮೊದಲ ಬಿಡುಗಡೆಯ ರೂಪದಿಂದ ಹೊಸ ರೂಪಕ್ಕೆ ಹೋಗುವ ವ್ಯತ್ಯಾಸ ಒಂದು, ಹೊಸ ರೂಪದಿಂದ ಮೊದಲಿನ ರೂಪಕ್ಕೆ ಹಿಂತಿರುಗುವ ವ್ಯತ್ಯಾಸ ಇನ್ನೊಂದು ಇರುತ್ತದೆ. ಯಂತ್ರ ಯಾವ ತಿಂಗಳಲ್ಲಿ ನಿಂತಿದ್ದರೂ ತನ್ನಲ್ಲಿರುವ ಹಿಂಬರುವ ವ್ಯತ್ಯಾಸದಿಂದ ಮೂಲಕ್ಕೆ ಮರಳಿ, ಅಲ್ಲಿಂದ ಹೊಸದಕ್ಕೆ ಒಂದೇ ನೆಗೆತದಲ್ಲಿ ಬರುತ್ತದೆ. ಸರಪಳಿಯೂ ಇಲ್ಲ, ಜೋಡಿಗಳ ಸ್ಫೋಟವೂ ಇಲ್ಲ. ಸಣ್ಣ ತಂಡಗಳು ಇದರಿಂದ ಕಲಿಯಬಹುದಾದದ್ದು ಆ ಯಂತ್ರಾಂಗದ ಜಟಿಲತೆಯನ್ನಲ್ಲ, ಎಲ್ಲ ದಾರಿಗಳೂ ಒಂದು ಸ್ಥಿರ ಆಧಾರದಿಂದ ಹೊರಡಲಿ ಎಂಬ ವಿಚಾರವನ್ನು: ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿಯನ್ನು ಆಧಾರವೆಂದು ಇಟ್ಟುಕೊಂಡು ಅದರ ಪೂರ್ಣ ಇನ್‌ಸ್ಟಾಲರನ್ನು ಎಲ್ಲರೂ ಒಮ್ಮೆ ಹಾಕಿಕೊಂಡ ಮೇಲೆ, ಆ ವರ್ಷದ ಪ್ರತಿ ಅಪ್‌ಡೇಟೂ ಆಧಾರದಿಂದ ಈಚೆಗೆ ಬದಲಾದ ಎಲ್ಲ ಫೈಲುಗಳನ್ನೂ ಒಟ್ಟಾಗಿ ಹೊತ್ತು ತರುವ ಸಂಚಿತ ಅಪ್‌ಡೇಟ್ ಆಗಬಹುದು. ನಡುವಿನದನ್ನು ಯಾರು ಬಿಟ್ಟಿದ್ದಾರೆ, ಯಾರು ಹಾಕಿಕೊಂಡಿದ್ದಾರೆ ಎಂಬುದು ಆಗ ಗಣನೆಗೇ ಬರುವುದಿಲ್ಲ.

ಪ್ಯಾಚ್ ಪದ್ಧತಿಯನ್ನೇ ಕೈಬಿಟ್ಟವರೂ ಇದ್ದಾರೆ. ಫೆಡೋರಾ ಲಿನಕ್ಸ್ ಸುಮಾರು ಹದಿನೈದು ವರ್ಷ ಡೆಲ್ಟಾ ಆರ್‌ಪಿಎಂಗಳನ್ನು (ಆರ್‌ಪಿಎಂ ಎಂಬ ತಂತ್ರಾಂಶ ಪೊಟ್ಟಣಗಳ ಪ್ಯಾಚ್‌ಗಳನ್ನು) ಒದಗಿಸಿ, 2024ರಲ್ಲಿ ಬಂದ ಫೆಡೋರಾ 40ರಲ್ಲಿ ಅವನ್ನು ನಿಲ್ಲಿಸಿತು. ಬಳಕೆದಾರರಿಗೆ ಬೇಕಾದ ಜೋಡಿಗೆ ಡೆಲ್ಟಾ ಇರುವ ಸಂಭವವೇ ಕಡಿಮೆಯಾಗಿತ್ತು. ಇದ್ದರೂ ಡೆಲ್ಟಾಗಳ ಪಟ್ಟಿಯನ್ನು ಎಲ್ಲರೂ ಇಳಿಸಿಕೊಳ್ಳಬೇಕಾದ್ದರಿಂದ ಉಳಿತಾಯದ ಒಂದು ಪಾಲು ಅಲ್ಲೇ ಕರಗುತ್ತಿತ್ತು, ಪೊಟ್ಟಣವನ್ನು ಯಂತ್ರದಲ್ಲಿ ಮರುಕಟ್ಟುವ ಶ್ರಮ ಬೇರೆ. ಪ್ಯಾಚ್ ಎಂದರೆ ಉಳಿತಾಯ ಎಂಬ ಸಮೀಕರಣವನ್ನು ಅಳೆದು ನೋಡದೆ ಒಪ್ಪಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಿಮ್ಮ ಆಡ್-ಆನ್‌ಗೆ ಬರೋಣ. ಮೊದಲ ಕೆಲಸವಾಗಿ ಪ್ರೋಗ್ರಾಂ ಮತ್ತು ಧ್ವನಿ ಮಾದರಿಗಳನ್ನು ಎರಡು ಪೊಟ್ಟಣಗಳಾಗಿ ಬೇರ್ಪಡಿಸಿ, ಎರಡಕ್ಕೂ ಸ್ವಂತ ಆವೃತ್ತಿ ಸಂಖ್ಯೆ ಕೊಡಿ. ತನಗೆ ಕನಿಷ್ಠ ಯಾವ ಆವೃತ್ತಿಯ ಮಾದರಿ ಸಂಗ್ರಹ ಬೇಕು ಎಂಬುದನ್ನು ಪ್ರೋಗ್ರಾಂ ತಿಳಿದಿರಲಿ, ಅದು ಇಲ್ಲದಿದ್ದರೆ ಮೌನವಾಗಿ ಕೆಡದೆ ಬಳಕೆದಾರರಿಗೆ ಹೇಳಲಿ. 60 ಎಂಬಿ ಪ್ರೋಗ್ರಾಂ ಭಾಗ ಸಂಕುಚಿತವಾದ ಮೇಲೆ ಇನ್ನೂ ಚಿಕ್ಕದಾಗುತ್ತದೆ. ಅದಕ್ಕೆ ಪ್ಯಾಚ್ ಮಾಡುವ ಗೋಜಿಗೇ ಹೋಗದೆ ಪ್ರತಿ ಸಲವೂ ಪೂರ್ಣ ಇನ್‌ಸ್ಟಾಲರ್ ಕೊಡಿ. ಬ್ರೌಸರ್‌ಗಳ ವಿಸ್ತರಣೆಗಳಿರಲಿ, ವರ್ಡ್‌ಪ್ರೆಸ್‌ನ ಪ್ಲಗಿನ್‌ಗಳಿರಲಿ, ಚಿಕ್ಕ ಆಡ್-ಆನ್‌ಗಳ ಲೋಕದಲ್ಲಿ ಇಡೀ ಪೊಟ್ಟಣವನ್ನು ಬದಲಿಸುವುದೇ ರೂಢಿ, ಮತ್ತು ಆ ರೂಢಿ ಸೋಮಾರಿತನದಿಂದ ಬಂದದ್ದಲ್ಲ. ಇಡಿಯಾಗಿ ಬದಲಿಸಿದಾಗ ಹಿಂದಿನದನ್ನು ಇಡಿಯಾಗಿ ಮರಳಿ ತರುವುದೂ ಸುಲಭ. 2024ರ ಜುಲೈನಲ್ಲಿ ಬಂದ ವರ್ಡ್‌ಪ್ರೆಸ್ 6.6ರಲ್ಲಿ ಸ್ವಯಂಚಾಲಿತ ಅಪ್‌ಡೇಟ್‌ನ ನಂತರ ಮಾರಕ ದೋಷ ಕಂಡರೆ ಪ್ಲಗಿನ್‌ನ ಹಳೆಯ ಆವೃತ್ತಿಯನ್ನು ತಾನಾಗಿ ಮರಳಿಸುವ ವ್ಯವಸ್ಥೆ ಸೇರಿದ್ದು ಈ ಸರಳತೆಯ ಬಲದಿಂದಲೇ. ಪೊಟ್ಟಣ ಬೇರ್ಪಡಿಸಿದ ಮೊದಲ ತಿಂಗಳಲ್ಲೇ ನಿಮ್ಮ ದೂರುಗಳಲ್ಲಿ ಬಹುಪಾಲು ನಿಲ್ಲುತ್ತವೆ ಎಂಬುದು ನನ್ನ ನಿರೀಕ್ಷೆ.

ಧ್ವನಿ ಮಾದರಿಗಳ ಒಂದೇ ದೊಡ್ಡ ಫೈಲನ್ನು ವಾದ್ಯಕ್ಕೊಂದರಂತೆ ಅಥವಾ ವಾದನ ಕ್ರಮಕ್ಕೊಂದರಂತೆ ಒಡೆಯಿರಿ. ಪ್ರತಿ ಫೈಲಿನ ಹೆಸರು, ಗಾತ್ರ, ಹ್ಯಾಶ್ ಇರುವ ಪಟ್ಟಿಯೊಂದನ್ನು ಸರ್ವರ್‌ನಲ್ಲಿಟ್ಟು ಅದಕ್ಕೆ ಡಿಜಿಟಲ್ ಸಹಿ ಮಾಡಿ. ಅಪ್‌ಡೇಟ್ ಪ್ರೋಗ್ರಾಂ ಆ ಪಟ್ಟಿಯನ್ನು ಓದಿ, ಬಳಕೆದಾರರಲ್ಲಿ ಇಲ್ಲದ ಅಥವಾ ಹ್ಯಾಶ್ ಹೊಂದದ ಫೈಲುಗಳನ್ನು ಮಾತ್ರ ಪೂರ್ಣವಾಗಿ ಇಳಿಸಿಕೊಳ್ಳಲಿ. ಇದು ಪೂರ್ಣ ಇನ್‌ಸ್ಟಾಲರೂ ಅಲ್ಲ, ಪ್ಯಾಚೂ ಅಲ್ಲ. ಎರಡರ ಒಳ್ಳೆಯ ಗುಣಗಳಲ್ಲಿ ಹೆಚ್ಚಿನವು ಇದರಲ್ಲಿವೆ. ಬಳಕೆದಾರರು ಯಾವ ಆವೃತ್ತಿಯಲ್ಲಿದ್ದಾರೆ ಎಂಬ ಪ್ರಶ್ನೆಯೇ ಏಳುವುದಿಲ್ಲ, ಕೆಟ್ಟುಹೋದ ಫೈಲುಗಳೂ ಅದೇ ದಾರಿಯಲ್ಲಿ ಸರಿಯಾಗುತ್ತವೆ, ಸರ್ವರ್‌ನಲ್ಲಿ ವಿಶೇಷ ತಂತ್ರಾಂಶವೂ ಬೇಡ. ಫೈಲುಗಳನ್ನು ಒಡೆಯಲು ಸಾಧ್ಯವೇ ಇಲ್ಲದಿದ್ದರೆ ಇದೇ ವಿಚಾರವನ್ನು ತುಂಡುಗಳ ಮಟ್ಟಕ್ಕೆ ಇಳಿಸಬಹುದು. ಆಟಗಳನ್ನು ವಿತರಿಸುವ ಸ್ಟೀಮ್ ಪ್ರತಿ ಫೈಲನ್ನು ಸುಮಾರು 1 ಎಂಬಿಯ ತುಂಡುಗಳಾಗಿ ಒಡೆದು ಬದಲಾದ ತುಂಡುಗಳನ್ನು ಮಾತ್ರ ಕಳಿಸುತ್ತದೆ. ಎಲೆಕ್ಟ್ರಾನ್ (ವೆಬ್ ತಂತ್ರಜ್ಞಾನದಿಂದ ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟುವ ಚೌಕಟ್ಟು) ಆಧಾರಿತ ತಂತ್ರಾಂಶಗಳ ಅಪ್‌ಡೇಟ್ ಸಾಧನವೂ ತುಂಡುಗಳ ನಕ್ಷೆಯೊಂದನ್ನು ಇಟ್ಟುಕೊಂಡು ಫೈಲಿನ ಬೇಕಾದ ಭಾಗಗಳನ್ನಷ್ಟೇ ಸರ್ವರ್‌ನಿಂದ ಕೇಳುತ್ತದೆ. ಈ ವಿಚಾರದ ಬೇರು ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ ಅವರು 1996ರಲ್ಲಿ ರೂಪಿಸಿದ, ಎರಡು ಯಂತ್ರಗಳ ಫೈಲುಗಳನ್ನು ಹೊಂದಿಸುವ ಆರ್‌ಸಿಂಕ್ ಎಂಬ ಸಾಧನದಲ್ಲಿದೆ.

ತುಂಡುಗಳ ದಾರಿ ಹಿಡಿದರೆ ಒಂದು ಎಚ್ಚರ ಬೇಕು. ದೊಡ್ಡ ಫೈಲಿನ ನಡುವೆ ಹೊಸ ಮಾದರಿಯೊಂದನ್ನು ತುರುಕಿದರೆ ಅದರ ನಂತರದ್ದೆಲ್ಲವೂ ಮುಂದಕ್ಕೆ ಸರಿಯುತ್ತದೆ. ತುಂಡುಗಳ ಗಡಿಗಳು ನಿಗದಿತ ಸ್ಥಾನಗಳಲ್ಲಿದ್ದರೆ ಅಲ್ಲಿಂದಾಚೆಗೆ ಹಳೆಯ ತುಂಡು ಒಂದೂ ಹೊಂದುವುದಿಲ್ಲ. ಹೊಸದನ್ನು ಫೈಲಿನ ಕೊನೆಗೆ ಸೇರಿಸಿ, ಯಾವುದು ಎಲ್ಲಿದೆ ಎಂಬ ಸೂಚಿಯನ್ನು ಪ್ರತ್ಯೇಕ ಚಿಕ್ಕ ಫೈಲಿನಲ್ಲಿಡಿ. ನಿಮ್ಮ ಬಿಲ್ಡ್ ಸಾಧನ ಪ್ರತಿ ಸಲ ಮಾದರಿಗಳನ್ನು ಬೇರೆ ಕ್ರಮದಲ್ಲಿ ಜೋಡಿಸುತ್ತಿಲ್ಲ, ಪ್ರತಿ ಫೈಲಿನೊಳಗೂ ತಯಾರಾದ ದಿನಾಂಕವನ್ನು ಬರೆಯುತ್ತಿಲ್ಲ ಎಂಬುದನ್ನು ಪರಿಶೀಲಿಸಿ. ಏನನ್ನೂ ಬದಲಿಸದೆ ಎರಡು ಸಲ ಬಿಲ್ಡ್ ಮಾಡಿ ಎರಡರ ಹ್ಯಾಶ್ ಹೋಲಿಸಿ ನೋಡಿದರೆ ಇದು ನಿಮಿಷಗಳಲ್ಲಿ ತಿಳಿಯುತ್ತದೆ. ಹ್ಯಾಶ್‌ಗಳು ಬೇರೆಯಾಗಿದ್ದರೆ ಮೊದಲು ಅದನ್ನು ಸರಿಪಡಿಸಿ, ಅದಕ್ಕೆ ಮುಂಚೆ ಯಾವ ಪ್ಯಾಚ್ ಸಾಧನವನ್ನು ತಂದರೂ ಪ್ರಯೋಜನವಿಲ್ಲ.

ಸುರಕ್ಷತೆಯ ಬಗ್ಗೆ ಒಂದು ಮಾತು. ಪ್ಯಾಚ್ ಫೈಲು ದತ್ತಾಂಶವಷ್ಟೇ ಎಂದು ಭಾವಿಸಿ ಅದರ ಸಹಿಯನ್ನು ಪರೀಕ್ಷಿಸದೆ ಮೊದಲು ಹಚ್ಚಿ, ಕೊನೆಯಲ್ಲಿ ಸಿಕ್ಕ ಫೈಲಿನ ಹ್ಯಾಶ್ ನೋಡಿದರೆ ಸಾಕೆಂದುಕೊಳ್ಳುವವರಿದ್ದಾರೆ. ಬಿಎಸ್‌ಡಿಫ್‌ನ ಜೋಡಿಯಾದ ಬಿಎಸ್‌ಪ್ಯಾಚ್‌ನಲ್ಲೇ, ದುರುದ್ದೇಶದಿಂದ ರೂಪಿಸಿದ ಪ್ಯಾಚ್ ಮೆಮೊರಿಯ ಗಡಿ ಮೀರಿ ಬರೆಯುವಂತೆ ಮಾಡಬಲ್ಲ ದೋಷವಿತ್ತು. ಅದು ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2014-9862 ಎಂಬ ಸಂಖ್ಯೆಯಲ್ಲಿ ದಾಖಲಾಗಿದೆ. ಹಚ್ಚುವ ಮೊದಲೇ ಸಹಿ ಪರೀಕ್ಷೆ, ಹಚ್ಚಿದ ಮೇಲೆ ಹ್ಯಾಶ್ ಪರೀಕ್ಷೆ, ಎರಡೂ ಇರಬೇಕು. ಸಹಿಯಿಲ್ಲದ ಅಪ್‌ಡೇಟ್ ಪ್ರೋಗ್ರಾಂ ಬೇರೆ ಪ್ರೋಗ್ರಾಂ ಫೈಲುಗಳನ್ನು ತಿದ್ದಲು ಹೊರಟರೆ ಆ್ಯಂಟಿವೈರಸ್‌ಗೆ ಅನುಮಾನ ಬರುವುದು ಸಹಜ. ಹಾಗಾಗಿ ಇನ್‌ಸ್ಟಾಲರ್‌ಗೆ ಮಾಡುವ ಸಹಿಯನ್ನೇ ಅಪ್‌ಡೇಟ್ ಪ್ರೋಗ್ರಾಂಗೂ ಮಾಡಿ.

ಇಷ್ಟಾದ ಮೇಲೂ ಪೂರ್ಣ ಇನ್‌ಸ್ಟಾಲರ್ ಏಕೆ ಬೇಕೆಂದು ನಿಮಗೆ ಅನಿಸಬಹುದು. ಧ್ವನಿಮುದ್ರಣ ಕೊಠಡಿಗಳಲ್ಲಿ ಬಹಳಷ್ಟು ಯಂತ್ರಗಳನ್ನು ಬೇಕೆಂದೇ ಅಂತರ್ಜಾಲದಿಂದ ದೂರ ಇಟ್ಟಿರುತ್ತಾರೆ. ಅವರು ಬೇರೆ ಯಂತ್ರದಲ್ಲಿ ಇಳಿಸಿಕೊಂಡು ಡ್ರೈವ್‌ನಲ್ಲಿ ತಂದು ಹಾಕುವವರು. ಹೊಸ ಕಂಪ್ಯೂಟರ್ ಕೊಂಡವರಿಗೆ ಆರಂಭದಿಂದ ಹಾಕಿಕೊಳ್ಳಲು ಒಂದೇ ಫೈಲು ಬೇಕು. ನಿಮ್ಮ ಸಹಾಯವಾಣಿಗೂ ಎಲ್ಲ ಪ್ರಯತ್ನ ಸೋತಾಗ ಕಳಿಸಲು ಒಂದು ಕೊಂಡಿ ಬೇಕು, ಮತ್ತು ಆ ಇನ್‌ಸ್ಟಾಲರ್ ಹಳೆಯದರ ಮೇಲೆ ಓಡಿಸಿದರೂ ಸರಿಯಾಗಿ ಕೆಲಸ ಮಾಡಬೇಕು; ಮೊದಲು ತೆಗೆದುಹಾಕಿ, ಆಮೇಲೆ ಹಾಕಿ ಎಂದು ಬಳಕೆದಾರರನ್ನು ದಣಿಸಬಾರದು. ಬಳಕೆದಾರರು ತಿದ್ದಿದ ವಾದ್ಯ ವಿನ್ಯಾಸಗಳನ್ನು ಆಡ್-ಆನ್‌ನ ಫೋಲ್ಡರ್‌ನಿಂದ ಹೊರಗೆ, ಅವರ ಸ್ವಂತ ದಾಖಲೆಗಳ ಜಾಗದಲ್ಲಿ ಉಳಿಸುವಂತೆ ಪ್ರೋಗ್ರಾಂ ಅನ್ನು ಬದಲಿಸಿದರೆ ಇನ್‌ಸ್ಟಾಲರ್ ನಿರ್ಭಯವಾಗಿ ತನ್ನ ಫೋಲ್ಡರನ್ನು ಪೂರ್ತಿ ಬದಲಿಸಬಹುದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಪ್ಯಾಚ್ ಸಿಗದಾಗ ಪೂರ್ಣ ಫೈಲಿಗೆ ತಾನಾಗಿ ಮರಳುವ ವ್ಯವಸ್ಥೆ ಸರಿಯಾಗಿದ್ದರೆ ಹಳೆಯ ಪ್ಯಾಚ್‌ಗಳನ್ನು ಅಳಿಸಿದರೆ ಯಾರಿಗೂ ಏನೂ ಕೆಡುವುದಿಲ್ಲ, ಅವರ ಡೌನ್‌ಲೋಡ್ ದೊಡ್ಡದಾಗುತ್ತದೆ ಅಷ್ಟೆ. ನೀವು ಪ್ಯಾಚ್ ಇಟ್ಟುಕೊಳ್ಳುವುದೇ ಆದರೆ ಕೊನೆಯ ಮೂರು ಆವೃತ್ತಿಗಳಿಂದ ಹೊಸದಕ್ಕೆ ನೇರ ಪ್ಯಾಚ್‌ಗಳನ್ನು ಮಾತ್ರ ಇಡಿ, ಹೊಸ ಆವೃತ್ತಿ ಬಂದ ದಿನ ಹಿಂದಿನವನ್ನು ತೆಗೆದುಬಿಡಿ. ಪ್ಯಾಚ್‌ನ ಗಾತ್ರ ಪೂರ್ಣ ಫೈಲಿನ ಅರ್ಧಕ್ಕಿಂತ ಹೆಚ್ಚಾದರೆ ಅದನ್ನು ಪ್ರಕಟಿಸುವ ಅಗತ್ಯವೇ ಇಲ್ಲ. ಪೂರ್ಣ ಇನ್‌ಸ್ಟಾಲರ್‌ಗಳ ವಿಷಯ ಬೇರೆ: ಹಳೆಯ ಕಾರ್ಯವ್ಯವಸ್ಥೆಯಲ್ಲಿ ಅಥವಾ ಆತಿಥೇಯ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಉಳಿದುಕೊಂಡ ಗ್ರಾಹಕರಿಗೆ ನಿಮ್ಮ ಹೊಸ ಆಡ್-ಆನ್ ಓಡದಿರಬಹುದು. ಆದ್ದರಿಂದ ಪ್ರತಿ ದೊಡ್ಡ ಆವೃತ್ತಿಯ ಕೊನೆಯ ಪೂರ್ಣ ಇನ್‌ಸ್ಟಾಲರ್ ಅನ್ನು, ಅದಕ್ಕೆ ಹೊಂದುವ ಮಾದರಿ ಸಂಗ್ರಹದೊಂದಿಗೆ, ನೀವು ಆ ಗ್ರಾಹಕರಿಗೆ ಬೆಂಬಲ ಕೊಡುವವರೆಗೂ ಉಳಿಸಿ. ಹೊಸ ಆವೃತ್ತಿ ಪ್ರಕಟಿಸುವಾಗ ಫೈಲುಗಳೆಲ್ಲ ಸರ್ವರ್ ಸೇರಿ, ಇಳಿಸಿ ಪರೀಕ್ಷಿಸಿದ ಮೇಲೆಯೇ ಪಟ್ಟಿಯ ಫೈಲನ್ನು ಕೊನೆಯದಾಗಿ ಏರಿಸಿ. ಫೈಲುಗಳನ್ನು ಅವುಗಳ ಹ್ಯಾಶ್‌ನ ಹೆಸರಿನಲ್ಲೇ ಇಟ್ಟರೆ ಎಷ್ಟು ಕಾಲವಾದರೂ ಕ್ಯಾಶ್‌ನಲ್ಲಿ (ಬೇಗ ಸಿಗಲೆಂದು ನಡುವೆ ಇಟ್ಟುಕೊಳ್ಳುವ ಪ್ರತಿಗಳ ಸಂಗ್ರಹ) ಉಳಿಯಬಹುದು, ಪಟ್ಟಿಗೆ ಮಾತ್ರ ಕ್ಯಾಶ್ ಅವಧಿಯನ್ನು ಕೆಲವು ನಿಮಿಷಗಳಿಗೆ ಮಿತಿಗೊಳಿಸಿ, ದೋಷ ಕಂಡುಬಂದರೆ ಹಿಂದಿನ ಪಟ್ಟಿಯನ್ನು ಬೇಗ ಮರಳಿ ಇಡಲು ಅದರಿಂದ ಸಾಧ್ಯವಾಗುತ್ತದೆ.